ಪುಕ್ಕಣ್ಣ ರಕ್ತ ಕೊಟ್ಟಿದ್ದು

ಹಿಂದಿನ ಸಂಜೆ ರಕ್ತದ ಟ್ಯೂಬನ್ನು ಫ್ರಿಜ್ಜಿನಲ್ಲಿಡದೆ ಮೇಜಿನ ಮೇಲೇ ಬಿಟ್ಟು ಮನೆಗೆ ಹೋಗಿದ್ದೇ ಪುಕ್ಕಣ್ಣನ ತಾಪತ್ರಯಕ್ಕೆಲ್ಲ ಮೂಲ. ಬೆಳಿಗ್ಗೆ ನೋಡಿದರೆ ರಕ್ತ ಕೆಟ್ಟು ಕೂತಿತ್ತು.

ಆತ ಸಂಶೋಧಕ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶ ಬಲಿತು ರಕ್ತಕಣವಾಗುತ್ತದಲ್ಲ, ಆಗ ಪ್ರೋಟಿಯೋಗ್ಲೈಕಾನ್ ಎಂಬ, ಮೈತುಂಬ ಸಕ್ಕರೆಯ ಸರಪಳಿ ಹೊತ್ತ ಪ್ರೋಟೀನನ್ನು ಮಾಡಿಸುವ ಜೀನ್ ಯಾವಾಗ ಎಚ್ಚರಗೊಳ್ಳುತ್ತದೆ, ಯಾವಾಗ ಮಲಗುತ್ತದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ಎಳೆಯ ಕೋಶಗಳೇನೋ ತಟ್ಟೆಯಲ್ಲಿ ಸೊಗಸಾಗಿ ಬೆಳೆದಿದ್ದವು. ಹೋಲಿಸಿ ನೋಡಲು ಬಲಿತ ರಕ್ತ ಬೇಕಲ್ಲ! ಸಂಜೆಯೊಳಗೆ ಫಲಿತಾಂಶ ತೋರಿಸದಿದ್ದರೆ ಕೆಲಸವನ್ನು ಬೇರೆಯವರಿಗೆ ವಹಿಸುವುದಾಗಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳಿಯಾಗಿತ್ತು.

ರಕ್ತದ ಮೇಲೆ ಪ್ರಬಂಧ ಬರೆಯುವ ಈ ಮನುಷ್ಯನಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಪುಕ್ಕಣ್ಣ ಎಂಬ ಅಡ್ಡಹೆಸರು ಬಿದ್ದದ್ದೂ ಅದರಿಂದಲೇ.

“ನೀನೇ ಸ್ವಲ್ಪ ರಕ್ತ ಕೊಡೋ,” ಎಂದು ಪಕ್ಕದ ಮೇಜಿನ ಗೆಳೆಯನನ್ನು ಗೋಗರೆದ.

“ನಂಗೆ ನೆಗಡಿ ಕಣೋ. ನಿನ್ನ ಜೀನೂ ಸೀನುತ್ತೆ ಅಷ್ಟೆ.”

ಪ್ರಯೋಗಾಲಯದ ಯಂತ್ರ ನೋಡಿಕೊಳ್ಳುವಾಕೆ ಕೇಳುವ ಮೊದಲೇ ಕೈಯಲ್ಲಾಡಿಸಿದಳು. “ನಾನು ಮೊನ್ನೆ ತಾನೇ ಕೊಟ್ಟೆ. ಈಗ ಉಳಿದಿರೋದು ನಂಗೇ ಸಾಲ್ದು.”

ಸಲಹೆಗೆ ಮಾತ್ರ ಬರವಿರಲಿಲ್ಲ. ಕಣ್ಣು ಮುಚ್ಚಿಕೋ ಎಂದ ಅವನು, ಜೋರಾಗಿ ಕೆಮ್ಮು ಎಂದಳು ಇವಳು. ಕೊನೆಗೆ ಇಬ್ಬರೂ ಸೇರಿ, ಕಳ್ಳನನ್ನು ಠಾಣೆಗೆ ಒಯ್ಯುವಂತೆ ರಟ್ಟೆ ಹಿಡಿದು ಕೆಳಮಹಡಿಯ ಚಿಕಿತ್ಸಾಲಯಕ್ಕೆ ಎಳೆದೊಯ್ದರು. ಅಲ್ಲಿ ನರ್ಸಾಗಿದ್ದವರು ಪುಕ್ಕಣ್ಣನ ಸ್ವಂತ ಅತ್ತಿಗೆ.

“ಅತ್ತಿಗೇ, ದಮ್ಮಯ್ಯ, ನಿಧಾನ!”

“ಸೂಜೀನ ಇನ್ನೂ ಪೊಟ್ಟಣದಿಂದಾನೇ ತೆಗ್ದಿಲ್ವಲ್ಲಪ್ಪಾ, ಯಾಕೆ ಕಿರುಚ್ತೀಯ?”

ಸೂಜಿ ತೋಳಿಗಿಳಿಯಿತು, ಪುಕ್ಕಣ್ಣ ಕುರ್ಚಿಯಿಂದಿಳಿದ. ಒದ್ದೆ ಬಟ್ಟೆಯಂತೆ ಜಾರಿ ನೆಲಕ್ಕೆ ಬಿದ್ದವನು ಕಣ್ಣು ಬಿಟ್ಟಾಗ ಅತ್ತಿಗೆ ಹೊಸ ಸೂಜಿ ಹಿಡಿದು ನಿಂತಿದ್ದರು.

“ಟ್ಯೂಬು ತುಂಬೋ ಮೊದ್ಲೇ ಬಿದ್ಬಿಟ್ಟೆ. ಏಳು, ಆ ತೋಳು ಕೊಡು.”

ಎರಡೂ ತೋಳಿಗೆ ಹತ್ತಿ ಅಂಟಿಸಿಕೊಂಡು ಮೇಲೆ ಬಂದವನು ಊಟವನ್ನೂ ಮರೆತು ದುಡಿದ. ಸಂಜೆ ಮೇಡಂ ಕಂಪ್ಯೂಟರಿನ ಮುಂದೆ ಬಗ್ಗಿದರು. ತೆರೆಯ ಮೇಲಿನ ನಕ್ಷೆಯಲ್ಲಿ ಎಳೆಯ ಕೋಶಗಳ ಗೆರೆ ಒಂದು ಕಡೆ, ಬಲಿತ ರಕ್ತದ ಗೆರೆ ಇನ್ನೊಂದು ಕಡೆ; ಗೊಂದಲವೇ ಇಲ್ಲ.

“ಶಹಬ್ಬಾಸ್! ಇಷ್ಟು ಚೆನ್ನಾಗಿ ಯಾರ ರಕ್ತದಲ್ಲೂ ಬಂದಿರ್ಲಿಲ್ಲ. ಯಾರದಿದು?”

“ನಂದೇ ಮೇಡಂ,” ಪುಕ್ಕಣ್ಣ ಎದೆಯುಬ್ಬಿಸಿದ.

“ಹಾಗಾದ್ರೆ ಕೆಲಸಾನೂ ನಿಮ್ದೇ. ಒಬ್ಬರ ರಕ್ತದ ಹಾಗೆ ಇನ್ನೊಬ್ಬರದು ಇರಲ್ಲ, ಮಧ್ಯದಲ್ಲಿ ಬದಲಾಯ್ಸೋದು ಬೇಡ. ಪ್ರಯೋಗ ಮುಗಿಯೋವರ್ಗೂ ತಿಂಗಳು ತಿಂಗಳು ನೀವೇ ಕೊಡಿ.”

“ಅಂದ್ರೆ... ಎಷ್ಟು ದಿನ ಮೇಡಂ?”

“ಹೆಚ್ಚೇನಿಲ್ಲ, ಮೂರು ವರ್ಷ.”

ಸುತ್ತಮುತ್ತ ಎಲ್ಲೂ ಸೂಜಿಯಿರಲಿಲ್ಲ. ಆದರೂ ಗೆಳೆಯ ಕುರ್ಚಿ ತಳ್ಳಿಕೊಂಡು ಬರುವಷ್ಟರಲ್ಲಿ ಪುಕ್ಕಣ್ಣ ನೆಲ ಸೇರಿಯಾಗಿತ್ತು.