ಅಪ್ಪಣೆ ಬರುವ ತನಕ ಸುಮ್ಮನಿರಿ

೧. ಎದುರಿನ ಕಟ್ಟಡ

“ಈ ಆಫೀಸಿಗೆ ಹೇಗೆ ಹೋಗಬೇಕು?” ಅಂತ ಪೆಟ್ರೋಲ್ ಬಂಕಿನಲ್ಲಿ ಪಿಕಪ್ ಟ್ರಕ್ ನಿಲ್ಲಿಸಿಕೊಂಡಿದ್ದ ಒಬ್ಬ ಅಜ್ಜನಿಗೆ ವಿಳಾಸದ ಚೀಟಿ ತೋರಿಸಿ ಕೇಳಿದೆ. ಆಸ್ಟಿನ್ನಿನಲ್ಲಿ ಬಸ್ಸಿಳಿದು ಮುಕ್ಕಾಲು ಗಂಟೆ ನಡೆದಿದ್ದೆ. ಫೋನಿನ ಚಾರ್ಜ್ ಮುಗಿದಿತ್ತು.

ಅಜ್ಜ ಕೈ ತೋರಿಸಿದ. ಹೈವೇಯ ಆಚೆ ಬದಿ, ಬೋರ್ಡು ಓದುವಷ್ಟು ಹತ್ತಿರ.

“ದಾಟೋದು ಹೇಗೆ?”

“ಮುಂದೆ ಹೋಗಿ ಯೂ ಟರ್ನ್ ತಗೋ.”

“ನಾನು ನಡೆದುಕೊಂಡು ಬಂದಿದ್ದೀನಿ.”

ಅಜ್ಜ ನನ್ನ ಚಪ್ಪಲಿ ನೋಡಿದ, ಮುಖ ನೋಡಿದ. “ಯಾಕೆ?” ಅಂದ.

ಮಸ್ಕತ್, ನೈರೋಬಿ, ಫ್ರಾಂಕ್‌ಫರ್ಟ್ ಅಂತ ಊರೂರು ಸುತ್ತಿ ದುಡಿದವಳು ನಾನು. ಹೋದಲ್ಲೆಲ್ಲ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಆದರೆ ನಡೆದದ್ದಕ್ಕೆ ಕಾರಣ ಕೇಳಿದ ಊರು ಇದೊಂದೇ. ಕೊನೆಗೆ ಅಜ್ಜನೇ ಟ್ರಕ್ಕಿಗೆ ಹತ್ತಿಸಿಕೊಂಡ. ಒಂದು ಫ್ಲೈಓವರ್, ಮೂರು ಸಿಗ್ನಲ್, ಎರಡು ಯೂ ಟರ್ನ್ ಆದವು.

ರಿಸೆಪ್ಶನ್ನಿನವಳು, “ತುಂಬಾ ದೂರದಿಂದ ಬಂದ್ರಾ?” ಅಂದಳು.

“ಇಲ್ಲ, ಎದುರುಗಡೆಯಿಂದ” ಅಂದೆ.

೨. ಐದು ವರ್ಷದ ಪ್ರಶ್ನೆ

ಬಂದದ್ದು ಕೆಲಸದ ಇಂಟರ್ವ್ಯೂಗೆ, ಕಂಪನಿಯ ಹೆಡ್ಡಾಫೀಸಿಗೆ. ನನ್ನ ಗಂಡ ಅಮೆರಿಕದ ಸಿಟಿಜನ್; ಡಲ್ಲಾಸ್ ಪಕ್ಕದ ಇರ್ವಿಂಗಿನಲ್ಲಿ ನಮ್ಮ ಮನೆ. ಹೆಂಡತಿ ಅನ್ನುವ ಲೆಕ್ಕದಲ್ಲಿ ನನ್ನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದೆವು. ಅದು ಕೈಗೆ ಬರುವ ತನಕ ಕೆಲಸ ಮಾಡಬೇಕಾದರೆ ಅಪ್ಪಣೆಯ ಇನ್ನೊಂದು ಕಾರ್ಡು ಬೇಕು. ಅದಕ್ಕೂ ಅರ್ಜಿ ಹೋಗಿತ್ತು. ಹದಿನೆಂಟನೇ ವಯಸ್ಸಿನಿಂದ ದುಡಿದವಳಿಗೆ ಮನೆಯಲ್ಲಿ ಕೂತು ತಲೆ ಕೆಟ್ಟುಹೋಗಿತ್ತು.

ಎಲ್ಲ ಸರಿಯಾಗೇ ನಡೆಯಿತು. ಕೊನೆಗೆ ಮ್ಯಾನೇಜರ್, “ಇನ್ನು ಐದು ವರ್ಷದಲ್ಲಿ ನೀವು ಎಲ್ಲಿರ್ತೀರಿ?” ಅಂದ.

“ಅದನ್ನೇ ನಾನು ನಿಮ್ಮ ಸರ್ಕಾರಕ್ಕೆ ಬರೆದು ಕೇಳಿದ್ದೀನಿ. ಉತ್ತರ ಬಂದ ಕೂಡಲೇ ನಿಮಗೂ ಒಂದು ಕಾಪಿ ಕಳಿಸ್ತೀನಿ.”

ಅವನು ನಕ್ಕುಬಿಟ್ಟ. ಮನೆಯಿಂದ ಹತ್ತೇ ನಿಮಿಷದ ಲಾಸ್ ಕೊಲಿನಾಸ್ ಬ್ರಾಂಚಿನಲ್ಲಿ ಕೆಲಸ ಸಿಕ್ಕಿತು. ಒಂದೇ ಷರತ್ತು: ಆಗಸ್ಟ್ ಮುಗಿಯುವುದರೊಳಗೆ ಆ ಅಪ್ಪಣೆಯ ಕಾರ್ಡು ಬರಬೇಕು. ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

೩. ಗೆರೆ ಇಲ್ಲದ ಬೆರಳು

ಅರ್ಜಿಯ ಸಲುವಾಗಿ ಬೆರಳಚ್ಚು ಕೊಡಲು ಡಲ್ಲಾಸಿಗೆ ಕರೆ ಬಂತು. ಮಶೀನಿನ ಮುಂದಿದ್ದಾಕೆ ನನ್ನ ಬೆರಳನ್ನು ಒತ್ತಿದಳು, ಒರೆಸಿದಳು, ಮತ್ತೆ ಒತ್ತಿದಳು.

“ಗೆರೆಗಳೇ ಬೀಳ್ತಿಲ್ಲ. ತುಂಬಾ ಕೆಲಸ ಮಾಡ್ತೀರಾ?”

ಕೈ ಹಿಂದಕ್ಕೆಳೆದುಕೊಂಡೆ. “ಇಲ್ಲ ಇಲ್ಲ, ಕಾರ್ಡಿಲ್ಲದೆ ಒಂದು ದಿನಾನೂ ಮಾಡಿಲ್ಲ. ನಮ್ಮ ವಕೀಲರನ್ನ ಬೇಕಾದ್ರೆ ಕೇಳಿ.”

“ಅಯ್ಯೋ, ಮನೆ ಕೆಲಸಮ್ಮಾ.”

ನಿಜ. ಸುಮ್ಮನೆ ಕೂರಲಾರದೆ ಎರಡು ತಿಂಗಳಿಂದ ನೆಲ, ಗೋಡೆ, ಒಲೆ, ಬಾತ್‌ರೂಮು ಅಂತ ಸಿಕ್ಕಿದ್ದನ್ನೆಲ್ಲ ಉಜ್ಜುತ್ತಿದ್ದೆ. ಆಕೆ ಒಂದು ಚೀಟಿ ಬರೆದುಕೊಟ್ಟಳು: ಎರಡು ವಾರ ಕ್ರೀಮ್ ಹಚ್ಚಿ, ಏನನ್ನೂ ಉಜ್ಜದೆ ವಾಪಸ್ ಬನ್ನಿ. ಅಂದರೆ, ಕೆಲಸ ಮಾಡಲು ಅಪ್ಪಣೆ ಬೇಕಿದ್ದರೆ ಮೊದಲು ಮಾಡುತ್ತಿರುವ ಕೆಲಸ ನಿಲ್ಲಿಸಬೇಕು. ಚೀಟಿಯನ್ನು ಗಂಡನಿಗೆ ತೋರಿಸಿ, ಬ್ರಶ್ಶನ್ನು ಅವನ ಕೈಗಿಟ್ಟು, ಸೋಫಾದ ಮೇಲೆ ಕೂತೆ.

ಎರಡು ವಾರದಲ್ಲಿ ನನ್ನ ಗೆರೆಗಳು ಮೂಡಿದವು, ಅವನವು ಅಳಿಸಿಹೋದವು. ಪುಣ್ಯಕ್ಕೆ ಅವನು ಆಗಲೇ ಸಿಟಿಜನ್ ಆಗಿದ್ದ.

೪. ಹರಕೆ

ಗಂಡನ ಸೋದರತ್ತೆ ಹುಬ್ಬಳ್ಳಿಯವರು, ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿದ್ದಾರೆ. ಎಲ್ಲರಿಗೂ ಆಂಟಿ. ಆಗಸ್ಟ್ ಪೂರ್ತಿ ದಿನಾ ಸಂಜೆ ಅವರದೊಂದು ಫೋನು: “ಬಂತೇನವಾ?”

“ಇಲ್ಲ ಆಂಟಿ.”

ತಿಂಗಳ ಕೊನೆಯ ವಾರ ಬಂತು. ಪೋಸ್ಟಿನವನು ದೂರದಿಂದಲೇ ನನ್ನನ್ನು ಕಂಡು ತಲೆ ಅಲ್ಲಾಡಿಸಿ ಮುಂದೆ ಹೋಗುವುದು ರೂಢಿಯಾಗಿತ್ತು. ಗುರುವಾರ ಅವನು ತಲೆ ಅಲ್ಲಾಡಿಸಲಿಲ್ಲ. ಅವನು ಕೊಟ್ಟ ಲಕೋಟೆಯನ್ನು ಅಲ್ಲೇ ಫುಟ್‌ಪಾತಿನ ಮೇಲೆ ಹರಿದೆ; ಒಳಗೆ ಕೆಲಸದ ಕಾರ್ಡು. ಆಫೀಸಿಗೆ ಫೋನ್ ಮಾಡಿದರೆ, “ಸೋಮವಾರ ಬನ್ನಿ” ಅಂದರು. ಸ್ವಲ್ಪ ಅತ್ತೆ. ಆಮೇಲೆ ಆಂಟಿಗೆ ಹೇಳಿದೆ.

“ನನಗ ಗೊತ್ತಿತ್ತು. ಹರಕಿ ಹೊತ್ತಿದ್ದೆ” ಅಂದರು.

“ಏನು ಹರಕೆ?”

“ರವಿವಾರ ನಮ್ಮ ಗುಡ್ಯಾಗ ಮುನ್ನೂರು ಮಂದಿ ಊಟ ಮಾಡ್ತಾರ. ಕಾರ್ಡ್ ಬಂದ್ರ ಆ ಭಾಂಡೆ ಅಷ್ಟೂ ತಿಕ್ಕೋದು ಅಂತ.”

“ಯಾರು ತಿಕ್ಕೋದು?”

“ಕಾರ್ಡ್ ಯಾರದು?”

ದೇವರ ಸಾಲ ಇಟ್ಟುಕೊಂಡು ಹೊಸ ಕೆಲಸಕ್ಕೆ ಸೇರಬಾರದಂತೆ. ಭಾನುವಾರ ಬೆಳಿಗ್ಗೆ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಊಟ ಮುಗಿಯುವ ಹೊತ್ತಿಗೆ ದೇವಸ್ಥಾನದ ಅಡುಗೆಮನೆಯಲ್ಲಿ ನಾನೇ ಒಳಗೆ ಕೂತು ಸ್ನಾನ ಮಾಡಬಹುದಾದಂಥ ಪಾತ್ರೆಗಳು. ಸಾರಿನದು, ಅನ್ನದ್ದು, ತಳ ಹಿಡಿದ ಪಾಯಸದ್ದು. ಗಂಡ ಹೊರಗೆ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದ.

“ಆಂಟಿ, ಇಷ್ಟೂ ನಾನೊಬ್ಬಳೇನಾ?” ಅಂದೆ.

ಆಂಟಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. “ಕೆಲಸಾ ಮಾಡಾಕ ಬಿಡವೊಲ್ರು ಅಂತ ನಾಕು ತಿಂಗಳ ಅತ್ತಾಕಿ ನೀನ. ಈಗ ಬಿಟ್ಟಾರ. ಮಾಡು.”

ನಾನು ಸೀರೆ ಎತ್ತಿಕಟ್ಟಿ ಪಾಯಸದ ಪಾತ್ರೆಯನ್ನೇ ಮೊದಲು ಎಳೆದುಕೊಂಡೆ.