ಸಿಗ್ನಲ್ಲಿನಲ್ಲಿ ಸುಮ್ಮನಾಗುವ ಕಾರು

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಕಾಯಿಲೆ ಬರುತ್ತದೆ. ನನ್ನ ಮನೆಗೆ ಮಾತ್ರ ಪ್ರಸಂಗಗಳೇ ಬರುತ್ತವೆ, ಅದೂ ನಾಲ್ಕು ಚಕ್ರದ ಮೇಲೆ.

ಎರಡು ಸಾವಿರದ ಎಂಟರ ಕೊನೆಯ ಮಾತು. ಚೆನ್ನೈಯ ಒಂದು ವಿಮಾ ಕಚೇರಿಯಲ್ಲಿ ನನ್ನ ಕೆಲಸ, ಕ್ರೋಂಪೇಟೆಯಲ್ಲಿ ಫ್ಲ್ಯಾಟು. ಮಗಳಿಗೆ ಗಂಡು ಹುಡುಕುತ್ತಿದ್ದೆವು. ನೋಡಲು ಬರುವವರ ಕಣ್ಣಿಗೆ ಬೀಳುವಂಥ ಒಂದು ದೊಡ್ಡ ಕಾರು ಬಾಗಿಲಲ್ಲಿ ನಿಂತಿರಲಿ ಎಂಬುದು ನನ್ನ ಹೆಂಡತಿಯ ಆಸೆ. ಪೆಟ್ರೋಲ್ ಉಳಿಯಲಿ ಎಂಬುದು ನನ್ನ ಆಸೆ. ಆಗಷ್ಟೇ ನಮ್ಮ ದೇಶಕ್ಕೆ ಹೈಬ್ರಿಡ್ ಕಾರು ಬಂದಿತ್ತು. ನೋಡಲು ದೊಡ್ಡದು, ಕುಡಿಯುವುದು ಕಡಿಮೆ. ಇಂಥ ಅಳಿಯನೇ ಸಿಗುವುದು ಕಷ್ಟ, ಕಾರು ಸಿಕ್ಕಿದೆಯಲ್ಲ ಎಂದು ತಂದುಬಿಟ್ಟೆ.

ಅದರ ಗುಣ ಇಷ್ಟೇ. ಒಳಗೆ ಎಂಜಿನ್ನಿನ ಜೊತೆಗೆ ಒಂದು ಬ್ಯಾಟರಿ. ಬ್ರೇಕ್ ಒತ್ತಿ ಕಾರು ನಿಂತರೆ ಎಂಜಿನ್ ತಾನಾಗಿಯೇ ಆಫ್ ಆಗುತ್ತದೆ, ಕಾಲು ತೆಗೆದರೆ ತಾನಾಗಿಯೇ ಆನ್ ಆಗುತ್ತದೆ. ಇದನ್ನು ನಾನು ಅರ್ಥ ಮಾಡಿಕೊಂಡೆ. ಚೆನ್ನೈಗೆ ಅರ್ಥ ಮಾಡಿಸಲು ಮಾತ್ರ ನನ್ನಿಂದ ಆಗಲಿಲ್ಲ.

ಪೂಜೆ

ಶೋರೂಮಿನಿಂದ ನೇರವಾಗಿ ಪಿಳ್ಳೆಯಾರ್ ಕೋವಿಲಿಗೆ ಹೋದೆವು. ಹೊಸ ಗಾಡಿ ಎಂದರೆ ಇಲ್ಲಿ ಗಣಪತಿಗೆ ತೋರಿಸದೆ ಮನೆಗೆ ತರುವಂತಿಲ್ಲ. ಅಲ್ಲಿನ ಅರ್ಚಕರಾದ ಗುರುಕ್ಕಳು ಬಾನೆಟ್ಟಿಗೆ ಚಂದನ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕರ್ಪೂರ ಬೆಳಗಿ, ‘ಸ್ಟಾರ್ಟ್ ಪಣ್ಣಿ ಮುಂದೆ ಬನ್ನಿ ಸಾರ್’ ಎಂದರು.

ಮುಂದೆ ಬಂದೆ. ನಿಂಬೆಹಣ್ಣು ಪಚ್ ಎಂದಿತು. ಕಾಯಿ ಒಡೆಯಲು ಗುರುಕ್ಕಳು ಅಡ್ಡ ನಿಂತಿದ್ದರಿಂದ ಬ್ರೇಕ್ ಒತ್ತಿದೆ. ಎಂಜಿನ್ ಆಫ್!

ಅವರ ಕೈಯಲ್ಲಿದ್ದ ಕಾಯಿ ಹಾಗೇ ಮೇಲೆಯೇ ನಿಂತಿತು. ಹೊಸ ಗಾಡಿ ದೇವರ ಎದುರಿಗೇ ನಿಂತುಹೋಗುವುದೆಂದರೇನು? ಬೇರೆ ನಿಂಬೆಹಣ್ಣು ತರಿಸಿದರು. ಮತ್ತೆ ಮುಂದೆ ಬಂದೆ, ಮತ್ತೆ ನಿಲ್ಲಿಸಿದೆ, ಮತ್ತೆ ಆಫ್. ‘ಇದು ಹಾಗೆಯೇ ಸ್ವಾಮಿ, ಕೆಟ್ಟಿಲ್ಲ, ಇದರ ವಿಶೇಷವೇ ಅದು’ ಎಂದೆ. ಹೂವು ಮಾರುವಾಕೆ ಅಯ್ಯೋ ಪಾಪ ಎಂಬಂತೆ ನನ್ನ ಮುಖ ನೋಡಿದಳು. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಗಡಿಯವನ ನಿಂಬೆಹಣ್ಣೆಲ್ಲ ಖಾಲಿಯಾದ ಮೇಲೆ ಗುರುಕ್ಕಳು ನನ್ನನ್ನು ಪಕ್ಕಕ್ಕೆ ಕರೆದರು. ‘ಸಾರ್, ತಪ್ಪು ತಿಳಿಯಬೇಡಿ. ಈ ವಂಡಿಗೆ ಪೂಜೆ ಸಾಲದು, ಶಾಂತಿ ಮಾಡಿಸಿ.’

ತಳ್ಳುವವರು

ಚೆನ್ನೈ ಜನ ಒರಟರು ಎನ್ನುವವರು ಅಲ್ಲಿ ಒಮ್ಮೆ ಕಾರು ನಿಲ್ಲಿಸಿ ನೋಡಬೇಕು.

ಕಚೇರಿಗೆ ಹೋಗುವಾಗ ಸೈದಾಪೇಟೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಪಕ್ಕದ ಆಟೋದವನು ಕಿವಿಗೊಟ್ಟು ಕೇಳಿ, ‘ಸಾರ್, ವಂಡಿ ನಿನ್ನು ಪೋಚ್ಚು!’ ಎಂದು ನನ್ನ ಗಾಡಿ ನಿಂತುಹೋದ ಸಂಗತಿಯನ್ನು ನನಗೇ ತಿಳಿಸಿದ.

‘ತಾನಾಗಿಯೇ ನಿಂತಿದೆ, ತಾನಾಗಿಯೇ ಹೊರಡುತ್ತದೆ’ ಎಂದೆ.

‘ಮೊದಮೊದಲು ಎಲ್ಲರೂ ಹಾಗೇ ಹೇಳುತ್ತಾರೆ ಸಾರ್’ ಎಂದವನೇ ಆಟೋದಿಂದ ಇಳಿದ. ಅವನ ಹಿಂದೆ ಸೋಡಾ ಗಾಡಿಯವನು. ಅವನ ಹಿಂದೆ ಟೈ ಕಟ್ಟಿಕೊಂಡು ಸ್ಕೂಟರಿನಲ್ಲಿ ಕೂತಿದ್ದವರೊಬ್ಬರು. ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಹಸಿರು ಬಿತ್ತು, ಅವರು ತಳ್ಳಿದರು, ನಾನು ಬ್ರೇಕಿನಿಂದ ಕಾಲು ತೆಗೆದೆ, ಎಂಜಿನ್ ಆನ್ ಆಯಿತು. ಹಿಂದಿನಿಂದ ಜಯಕಾರ! ಗೆದ್ದ ಸಂತೋಷದಲ್ಲಿದ್ದ ಅವರಿಗೆ ಕೈಬೀಸಿ ಥ್ಯಾಂಕ್ಸ್ ಹೇಳದೆ ವಿಧಿಯಿರಲಿಲ್ಲ.

ಮರುದಿನ ಅದೇ ಸಿಗ್ನಲ್ಲು, ಅದೇ ಆಟೋ. ನಾನಿನ್ನೂ ಬ್ರೇಕ್ ಒತ್ತಿಯೇ ಇರಲಿಲ್ಲ, ಅವನಾಗಲೇ ಇಳಿದು ಅಂಗಿಯ ತೋಳು ಮಡಚುತ್ತಿದ್ದ.

ಕದ್ದ ಕರೆಂಟು

ಬ್ಯಾಟರಿ ಕಾರೆಂದರೆ ಪ್ಲಗ್ ಇರಲೇಬೇಕು ಎಂಬುದು ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸೆಕ್ರೆಟರಿಯ ಖಚಿತ ಅಭಿಪ್ರಾಯ. ರಿಟೈರಾದ ಮನುಷ್ಯ, ಬೇರೆ ಕೆಲಸವಿಲ್ಲ. ನಾನು ಪಾರ್ಕಿಂಗಿನ ಪಾಯಿಂಟಿನಿಂದ ಎಲ್ಲರ ಕರೆಂಟು ಕದ್ದು ಕಾರಿಗೆ ಕುಡಿಸುತ್ತಿದ್ದೇನೆ ಎಂದು ಮೀಟಿಂಗಿನಲ್ಲಿ ಹೇಳಿದರು.

‘ಇದಕ್ಕೆ ಪ್ಲಗ್ಗೇ ಇಲ್ಲ. ಬ್ರೇಕ್ ಹಾಕಿದಾಗ ತಾನೇ ಚಾರ್ಜ್ ಆಗುತ್ತದೆ’ ಎಂದೆ.

‘ಬ್ರೇಕ್ ಹಾಕಿದರೆ ಕರೆಂಟ್ ಹುಟ್ಟುತ್ತದಾ? ಹಾಗಾದರೆ ಸರ್ಕಾರ ಯಾಕೆ ಅಣೆಕಟ್ಟು ಕಟ್ಟುತ್ತೆ? ಒಂದು ಬ್ರೇಕ್ ಸಾಲದಾ?’ ಎಂದರು. ಸಭೆ ಚಪ್ಪಾಳೆ ಹೊಡೆಯಿತು. ಪ್ಲಗ್ ಪಾಯಿಂಟಿಗೆ ತಗಡಿನ ಡಬ್ಬಿ ಹಾಕಿ ಬೀಗ ಜಡಿದರು. ಆಮೇಲೂ ನನ್ನ ಕಾರು ಓಡುತ್ತಿದ್ದುದನ್ನು ಕಂಡು ನನ್ನ ಹತ್ತಿರ ಕಳ್ಳ ಬೀಗದ ಕೈ ಇದೆ ಎಂಬ ಸುದ್ದಿ ಹಬ್ಬಿತು.

ಆ ಕಾಲದಲ್ಲಿ ಪವರ್ ಕಟ್ ಜೋರಾಗಿತ್ತು. ಒಂದು ಭಾನುವಾರ ಊಟದ ಹೊತ್ತಿಗೆ ಕರೆಂಟು ಹೋಯಿತು. ಬಾಗಿಲು ತಟ್ಟಿದ ಸದ್ದು. ತೆಗೆದರೆ ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಸೆಕ್ರೆಟರಿ ನಿಂತಿದ್ದರು, ಕೈಯಲ್ಲಿ ಉದ್ದದ ಎಕ್ಸ್‌ಟೆನ್ಷನ್ ವೈರು.

‘ಸಾರ್, ಹಳೆಯದೆಲ್ಲ ಮರೆತುಬಿಡೋಣ. ನಮ್ಮ ಒಂದು ಫ್ಯಾನ್ ತಿರುಗುವಷ್ಟಾದರೂ, ಆ ಕದ್ದ ಕರೆಂಟಲ್ಲಿ ಸ್ವಲ್ಪ ವಾಪಸ್ ಕೊಡಿ.’

ಕ್ರೋಂಪೇಟೆಯಲ್ಲಿ ಮಳೆ

ಇನ್ನು ನನ್ನ ತಪ್ಪಿನ ಕಥೆ ಹೇಳಬೇಕು. ಈ ಕಾರಿನಲ್ಲಿ ಸ್ಟೀರಿಂಗಿನ ಮುಂದೆ ಒಂದು ಮೀಟರಿದೆ. ಲೀಟರಿಗೆ ಎಷ್ಟು ಓಡಿದೆ ಎಂದು ಗಳಿಗೆ ಗಳಿಗೆಗೂ ತೋರಿಸುತ್ತದೆ. ಕಾರು ಕೊಂಡವನನ್ನು ‘ಎಷ್ಟು ಕೊಡುತ್ತೆ?’ ಎಂದು ಕೇಳದ ಮನುಷ್ಯ ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಕೇಳಿದವರಿಗೆಲ್ಲ ಒಳ್ಳೆಯ ಉತ್ತರ ಕೊಡಬೇಕೆಂಬ ಹುಚ್ಚು ನನಗೆ ಹತ್ತಿತು. ನಿಧಾನವಾಗಿ ಹೋದರೆ ಮುಳ್ಳು ಮೇಲೇರುತ್ತದೆ. ಎಸಿ ಹಾಕಿದರೆ ಇಳಿಯುತ್ತದೆ. ನಾನು ಎಸಿಯನ್ನೇ ಮರೆತುಬಿಟ್ಟೆ.

ಮೇ ತಿಂಗಳಲ್ಲಿ ತ್ರಿಪ್ಲಿಕೇನಿನಲ್ಲಿ ಕಚೇರಿಯ ಗೆಳೆಯರೊಬ್ಬರ ಮಗನ ಮದುವೆ. ಹೆಂಡತಿ, ಮಗಳು ಇಬ್ಬರೂ ಕಾಂಚೀಪುರಂ ಸೀರೆಯಲ್ಲಿ. ‘ಏನ್ರೀ, ಎಸಿ ಹಾಕ್ರೀ’ ಎಂದು ಹೆಂಡತಿ ಗಿಂಡಿಯಲ್ಲಿ ಕೇಳಿದಳು. ‘ಬೀಚ್ ಹತ್ತಿರ ಬಂತು, ಗಾಳಿ ಬರುತ್ತೆ’ ಎಂದೆ. ಬೀಚು ಇನ್ನೂ ಎಲ್ಲೋ ಇತ್ತು. ಸೈಕಲ್ಲಿನಲ್ಲಿ ಹಾಲು ಹಾಕುವವನು ನಮ್ಮನ್ನು ದಾಟಿ ಮುಂದೆ ಹೋದ. ‘ಅಪ್ಪಾ, ಅವನ್ ಕೂಡ ಓವರ್‌ಟೇಕ್ ಪಣ್ಣಿಟ್ಟಾನ್!’ ಎಂದಳು ಮಗಳು. ನಾವು ಎಷ್ಟು ಕನ್ನಡ ಕಲಿಸಿದರೂ ಅವಳಿಗೆ ಸಿಟ್ಟು ಬಂದರೆ ಬರುವುದು ತಮಿಳೇ.

ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹಿರಿಯರು ನಮ್ಮ ಮೂವರನ್ನೂ ತಲೆಯಿಂದ ಕಾಲಿನವರೆಗೆ ನೋಡಿ, ಪನ್ನೀರುದಾನಿಯನ್ನು ಕೆಳಗಿಟ್ಟರು.

‘ಕ್ರೋಂಪೇಟೆಯಲ್ಲಿ ಅಷ್ಟೊಂದು ಮಳೆಯಾ ಸಾರ್?’

ಮನೆಗೆ ಬಂದ ಮೇಲೆ ಹೆಂಡತಿ ತೀರ್ಪು ಕೊಟ್ಟಳು. ‘ಗಂಡಿನ ಕಡೆಯವರು ಬರುವ ದಿನ ಈ ಗಾಡಿ ಏನಾದ್ರೂ ಮಾನ ಕಳೀತೋ, ಮಗಳ ಮದುವೆ ಕೆಟ್ಟ ಪಾಪ ನಿಮ್ಮ ತಲೆ ಮೇಲೆ. ಮಾರನೇ ದಿನಾನೇ ಮಾರಿಬಿಡಬೇಕು.’ ಅವಳು ಆಡಿದ್ದನ್ನು ಮಾಡುವವಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹಿಂದಿನ ಸೀಟು

ಸಣ್ಣ ಪ್ರಸಂಗ, ಆದರೆ ಮುಂದಿನದಕ್ಕೆ ಬೇಕು. ನನ್ನ ಹೆಂಡತಿಯ ಅಕ್ಕ ಮೈಸೂರಿನಿಂದ ಬಂದಿದ್ದರು. ಅಕ್ಕತಂಗಿಯರು ಹಿಂದೆ ಕೂತು, ಎಂಜಿನ್ ಸದ್ದಿನ ಮರೆಯಲ್ಲಿ ಮಾತಾಡುತ್ತಿದ್ದರು. ಕಿಟಕಿ ಮುಚ್ಚಿತ್ತು, ಅತ್ತಿಗೆಯ ಮರ್ಯಾದೆಗೆ ಎಸಿಯೂ ಇತ್ತು. ಸಿಗ್ನಲ್ ಬಂತು, ಎಂಜಿನ್ ಆಫ್ ಆಯಿತು, ಕಾರಿನೊಳಗೆ ಏಕಾಏಕಿ ನಿಶ್ಶಬ್ದ. ಮಾತು ಮಾತ್ರ ಮೊದಲಿನ ಜೋರಿನಲ್ಲೇ ಇತ್ತು. ‘…ಅಪ್ಪ ಆವತ್ತೇ ಸರಿಯಾಗಿ ವಿಚಾರಿಸಿದ್ದಿದ್ರೆ ನಾನ್ಯಾಕೆ ಇವರನ್ನ…’

ಅಷ್ಟರಲ್ಲಿ ಹಸಿರು ಬಿತ್ತು. ಮುಂದಿನ ಸಿಗ್ನಲ್ಲಾದರೂ ಕೆಂಪಾಗಲಪ್ಪಾ ಎಂದು ಗಣಪತಿಗೆ ಹರಕೆ ಹೊತ್ತೆ. ದಾರಿಯುದ್ದಕ್ಕೂ ಹಸಿರೇ ಸಿಕ್ಕಿತು. ಆ ವಾಕ್ಯದ ಉಳಿದರ್ಧ ನನಗೆ ಇಂದಿಗೂ ಗೊತ್ತಿಲ್ಲ.

ಹೂಂ ಅಥವಾ ಉಹೂಂ

ಕೊನೆಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಬ್ಬಳ್ಳಿಯ ಜವಳಿ ಅಂಗಡಿಯವರು, ನಮ್ಮವರೇ. ಹುಡುಗ ಚೆನ್ನೈಯಲ್ಲೇ ಬ್ಯಾಂಕಿನ ಕೆಲಸದಲ್ಲಿದ್ದು, ತ್ರಿಪ್ಲಿಕೇನಿನ ಲಾಡ್ಜೊಂದರಲ್ಲಿ ಇದ್ದ. ಮಗಳಿಗೆ ಹುಡುಗ ಮೊದಲ ನೋಟಕ್ಕೇ ಮೆಚ್ಚುಗೆಯಾದ. ಅವಳು ಅವನೊಡನೆ ಪೂರ್ತಿ ಕನ್ನಡದಲ್ಲೇ ಮಾತಾಡಿದ್ದರಿಂದ ನಮಗೆ ಅದು ಗೊತ್ತಾಯಿತು. ಹುಡುಗನ ತಾಯಿತಂದೆ ಮಾತ್ರ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ‘ಊರಿಗೆ ಹೋಗಿ ತಿಳಸ್ತೇವ್ರಿ’ ಎಂದರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಮಗಳ ಮುಖ ಸಣ್ಣದಾಯಿತು. ನನಗೆ ಸಂಕಟವಾಯಿತು.

ಹುಡುಗ ಆಟೋ ಕರೆದು ತ್ರಿಪ್ಲಿಕೇನಿಗೆ ಹೊರಟ. ಹಿರಿಯರನ್ನು ಕೋಯಂಬೇಡಿನಲ್ಲಿ ಊರಿನ ಬಸ್ಸಿಗೆ ಬಿಡಲು ನನ್ನ ಹೆಂಡತಿ ಮುಂಜಾಗ್ರತೆಯಾಗಿ ಕಾಲ್ ಟ್ಯಾಕ್ಸಿಗೆ ಹೇಳಿದ್ದಳು. ಅದು ಬರಲೇ ಇಲ್ಲ. ಬಸ್ಸಿನ ಹೊತ್ತಾಯಿತು. ಬೇರೆ ದಾರಿಯಿಲ್ಲದೆ ನಮ್ಮ ಕಾರನ್ನೇ ತೆಗೆದೆ. ಹೆಂಡತಿ ನನ್ನ ಪಕ್ಕ ಕೂತು ಪಿಸುಗುಟ್ಟಿದಳು, ‘ದಮ್ಮಯ್ಯ, ಸಿಗ್ನಲ್ಲಲ್ಲಿ ಮಾತ್ರ ನಿಲ್ಲಿಸಬೇಡಿ.’

ನಿಲ್ಲಿಸದೆ ಹೋಗಲು ಅದೇನು ಆಂಬುಲೆನ್ಸೇ? ದಾರಿಯಲ್ಲಿ ಕಂಡ ಸಿಗ್ನಲ್ಲುಗಳೆಲ್ಲ ಕೆಂಪೇ. ಕಾರು ಪ್ರತಿ ಸಲವೂ ಸುಮ್ಮನಾಯಿತು. ಹಿಂದೆ ಗುಸುಗುಸು ಶುರುವಾಗಿತ್ತು. ಅಶೋಕ್ ಪಿಲ್ಲರ್ ಹತ್ತಿರ ಎಂಜಿನ್ ಆಫ್ ಆದದ್ದೇ ತಡ, ತಾಯಿಯ ದನಿ ಕಾರಿನ ತುಂಬ ಕೇಳಿತು.

‘…ಹುಡುಗಿ ಛಲೋ ಅದಾಳ ಬಿಡ್ರಿ. ಆದ್ರ ಅವರಪ್ಪ! ಕೆಂಪು ದೀಪ ಕಂಡ್ರ ಸಾಕು, ಗಾಡಿ ಬಂದ್ ಮಾಡ್ತಾರ. ಇಷ್ಟು ಜೀನ ಮನಶ್ಯಾನ್ನ ನಾ ಎಲ್ಲೂ ನೋಡಿಲ್ರೀ!’

ಜಿಪುಣ ಎನಿಸಿಕೊಂಡ ನಾನು ಮುಂದಿನ ಬಸ್ಸಿನ ನಂಬರನ್ನು ಗಮನವಿಟ್ಟು ಓದಿದೆ. ಹೆಂಡತಿಗೆ ಕೆಮ್ಮು ಬಂತು. ನಮಗೆ ಕೇಳಿಸಲಿಲ್ಲವೆಂದೇ ಅವರು ತಿಳಿದಿರಬೇಕು. ಹಸಿರು ಬಿದ್ದು ಎಂಜಿನ್ ಆನ್ ಆದ ಮೇಲೆ ಗುಸುಗುಸು ಮುಂದುವರಿಯಿತು. ಈಗ ಮಾತಾಡುತ್ತಿದ್ದವರು ಯಜಮಾನರು. ಒಂದಕ್ಷರ ತಿಳಿಯುತ್ತಿರಲಿಲ್ಲ. ಹೂಂ ಅನ್ನುತ್ತಿದ್ದಾರೋ ಉಹೂಂ ಅನ್ನುತ್ತಿದ್ದಾರೋ!

ದೂರದಲ್ಲಿ ವಡಪಳನಿಯ ಸಿಗ್ನಲ್ಲು ಹಸಿರಾಗಿತ್ತು. ನನ್ನ ಹೆಂಡತಿ ನನ್ನ ತೊಡೆ ಚಿವುಟಿದಳು. ‘ಮೆಲ್ಲಗೆ ಹೋಗ್ರೀ, ಕೆಂಪು ಬೀಳಲಿ!’

ಜೀವಮಾನದಲ್ಲಿ ಮೊದಲ ಸಲ ಹಸಿರು ದೀಪ ಕಂಡು ನಿಧಾನ ಮಾಡಿದೆ. ಹಿಂದಿನ ಲಾರಿಯವನು ನನ್ನ ವಂಶವನ್ನೆಲ್ಲ ತಮಿಳಿನಲ್ಲಿ ನೆನೆದ. ಕೆಂಪು ಬಿತ್ತು. ಕಾರು ಸುಮ್ಮನಾಯಿತು.

‘…ಅದಕ್ಕ ನಾ ಹೂಂ ಅನ್ನಾಕತ್ತೇನಿ! ನಿನ್ನ ಮಗಾ ಕಣ್ಣ ಮುಂದ ರೈಲ್ವೆ ಸ್ಟೇಷನ್ ಇದ್ರೂ ಆಟೋ ಹತ್ತಿ ಹೋದ. ತಿಂಗಳಿಗೊಂದು ಮೊಬೈಲ್ ಬೇಕು ಅವಗ. ಇಂಥವರ ಮನ್ಯಾಗ ಬೆಳದ ಹುಡುಗಿ ಬಂದ್ರನ ಅವನ ಕೈ ಬಿಗಿ ಆಗೋದು.’

ಕೋಯಂಬೇಡಿನಲ್ಲಿ ಇಳಿದ ಯಜಮಾನರು ನನ್ನ ಎರಡೂ ಕೈ ಹಿಡಿದು, ‘ಊರಿಗೆ ಹೋಗಿ ತಿಳಸೋದೇನ್ ಬಂತ್ರಿ ಬೀಗರ, ನಮಗ ಒಪ್ಪಿಗಿ’ ಎಂದರು. ನನಗೆ ಕಣ್ಣು ತುಂಬಿ ಬಂತು. ಆದರೂ ಅಪವಾದ ಹೊತ್ತುಕೊಳ್ಳುವುದು ಹೇಗೆ ಎಂದು, ‘ನೋಡಿ, ಈ ಕಾರು ತಾನಾಗಿಯೇ…’ ಎಂದು ಬಾಯಿ ತೆರೆದೆ.

ಹೆಂಡತಿ ನನ್ನ ಕಾಲು ತುಳಿದಳು. ಬ್ರೇಕನ್ನು ನಾನು ಯಾವತ್ತೂ ಅಷ್ಟು ಬಲವಾಗಿ ಒತ್ತಿದವನಲ್ಲ.

ಮೊದಲ ದೀಪಾವಳಿ

ಮದುವೆಯಾಯಿತು. ಅಳಿಯನ ಮೊದಲ ದೀಪಾವಳಿಗೆ ಬೀಗರಿಬ್ಬರೂ ಹುಬ್ಬಳ್ಳಿಯಿಂದ ಹೊರಟರು. ಅಷ್ಟು ದಿನ ಒಮ್ಮೆಯೂ ಕೆಡದೆ ಕೆಟ್ಟ ಹೆಸರು ಹೊತ್ತಿದ್ದ ನನ್ನ ಕಾರು ಸರಿಯಾಗಿ ಆ ವಾರ ನಿಜವಾಗಿಯೂ ಕೆಟ್ಟಿತು. ಅದರ ಬಿಡಿಭಾಗ ಸಮುದ್ರ ದಾಟಿ ಬರಬೇಕಂತೆ. ಬೀಗರನ್ನು ಕರೆತರಲು ಕಚೇರಿಯ ಗೆಳೆಯರ ಹಳೆಯ ಕಾರನ್ನು ಕೇಳಿ ತಂದೆ. ಅದು ಮಾಮೂಲು ಕಾರು. ಬ್ರೇಕ್ ಒತ್ತಿದರೆ ಆಫ್ ಆಗುವುದಿಲ್ಲ, ಇನ್ನೂ ಜೋರಾಗಿ ನಡುಗುತ್ತದೆ.

ಗೆಳೆಯರ ಕಾರೆಂದು ಹೇಳಿ, ಕೋಯಂಬೇಡಿನಿಂದ ಅವರನ್ನು ಹತ್ತಿಸಿಕೊಂಡು ಹೊರಟೆ. ಕೆಂಪು ಬಿತ್ತು. ‘ಆಫ್ ಮಾಡ್ರೀ’ ಎಂದು ಪಕ್ಕದಿಂದ ಹೆಂಡತಿ ಹಲ್ಲು ಕಚ್ಚಿಕೊಂಡು ಅಂದಳು. ‘ಮಗಳ ಮದುವೆ ಮುಗಿದ ಕೂಡಲೇ ಇವರಿಗೆ ಧಾರಾಳ ಬಂತು ಅಂದ್ಕೊಳ್ಳಲ್ವಾ?’

ಕೀ ತಿರುಗಿಸಿ ಆಫ್ ಮಾಡಿದೆ. ಹಸಿರು ಬಿದ್ದಾಗ ಆನ್ ಮಾಡಿದೆ. ಪ್ರತಿ ಸಿಗ್ನಲ್ಲಿನಲ್ಲೂ ಹೀಗೇ. ಹಿಂದಿನ ಸೀಟಿನಲ್ಲಿ ಬೀಗರು ತೃಪ್ತಿಯಿಂದ ತಲೆಯಾಡಿಸುತ್ತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಸುಳ್ಳಾಗಿ ಬಂದ ಹೆಸರನ್ನು ಉಳಿಸಿಕೊಳ್ಳಲು ಮನುಷ್ಯ ಎಷ್ಟು ದುಡಿಯಬೇಕು!

ಅಶೋಕ್ ಪಿಲ್ಲರ್ ಹತ್ತಿರ ಆಫ್ ಮಾಡಿದ್ದು, ಮತ್ತೆ ಆನ್ ಆಗಲಿಲ್ಲ. ಹಳೆಯ ಗಾಡಿ, ಎಷ್ಟೆಂದು ಸಹಿಸೀತು? ಕೀ ತಿರುಗಿಸಿದರೆ ಕ್ಷೀಣವಾಗಿ ನರಳಿತು. ಹಿಂದೆ ಹಾರನ್ನುಗಳ ಗದ್ದಲ. ಆಶ್ಚರ್ಯವೆಂದರೆ, ಬೇಡವೆಂದಾಗಲೆಲ್ಲ ಓಡಿ ಬಂದು ತಳ್ಳುತ್ತಿದ್ದ ಚೆನ್ನೈಯಲ್ಲಿ, ನಿಜವಾಗಿ ಬೇಕಾದ ದಿನ ಒಬ್ಬ ಆಟೋದವನೂ ಇಳಿಯಲಿಲ್ಲ. ಕೊನೆಗೆ ಬೀಗರೇ ಇಳಿದರು. ಪಂಚೆ ಮೇಲೆ ಕಟ್ಟಿ ತಳ್ಳತೊಡಗಿದರು. ಬೀಗಿತ್ತಿಯೂ ಇಳಿದು ಕೈ ಹಚ್ಚಿದರು. ನನಗೆ ನಾಚಿಕೆಯಿಂದ ನೆಲಕ್ಕೆ ಇಳಿದುಹೋದ ಹಾಗಾಯಿತು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಎಂಜಿನ್ ಸದ್ದಿಲ್ಲದ್ದರಿಂದ ಹಿಂದಿನ ಮಾತು ಸ್ಪಷ್ಟವಾಗಿ ಕೇಳಿಸಿತು. ಏದುಸಿರು ಬಿಡುತ್ತ ಬೀಗರು ಬೀಗಿತ್ತಿಗೆ ಹೇಳುತ್ತಿದ್ದರು.

‘ನೋಡಿದೇನ? ಮಂದಿ ಗಾಡಿ, ನಮ್ಮ ರಟ್ಟಿ, ಪೆಟ್ರೋಲ್ ಖರ್ಚು ಶೂನ್ಯ! ನಾ ಅಂದಿದ್ನಿಲ್ಲೋ, ಇಂಥಾ ಮನಿತನ ಹುಡಿಕಿದ್ರೂ ಸಿಗಂಗಿಲ್ಲ.’