ಮ್ಯಾರಥಾನೂ ದ್ವಾದಶಿಯ ಊಟವೂ

ಮನುಕುಲದ ಇತಿಹಾಸವೆಂದರೆ ಅನ್ನದ ಹಿಂದೆ ಮನುಷ್ಯ ಓಡಿದ ಇತಿಹಾಸವೇ ಹೊರತು ಬೇರೇನಲ್ಲ. ರಾಜರು ದಂಡೆತ್ತಿ ಹೋದದ್ದು, ಹಡಗುಗಳು ದಡ ಬಿಟ್ಟದ್ದು, ನಮ್ಮ ಉಡುಪಿ ಕಡೆಯವರು ತಗಡಿನ ಟ್ರಂಕು ಹೊತ್ತು ಮುಂಬಯಿ ಬಸ್ಸು ಹತ್ತಿದ್ದು, ಎಲ್ಲವೂ ಆ ಒಂದು ಹಿಡಿ ಅನ್ನಕ್ಕಾಗಿ. ಈ ಮಾತನ್ನು ಯಾವ ಸಭೆಯಲ್ಲಿ ಬೇಕಾದರೂ ಗಂಭೀರವಾಗಿ ಹೇಳಬಹುದು, ಜನ ತಲೆದೂಗುತ್ತಾರೆ. ಹೇಳುವ ಹಕ್ಕು ನನಗೊಬ್ಬನಿಗೆ ಇಲ್ಲ. ಏಕೆಂದರೆ ಓಡುವುದಕ್ಕಾಗಿ ಅನ್ನ ಬಿಟ್ಟವನು ನಾನು. ಅದೂ ಒಂದು ಹೊತ್ತಲ್ಲ, ಆರು ದಿನ.

ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನಾನು ಥಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನಲ್ಲಿಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಮನೆ ಡೊಂಬಿವಲಿಯ ಚಾಳಿನಲ್ಲಿ ಎರಡು ಕೋಣೆ. ಊರಿಗೆಲ್ಲ ನಲ್ಲಿ ಮಾಡಿಕೊಡುವವನ ಮನೆಯ ನಲ್ಲಿಯಲ್ಲಿ ದಿನಕ್ಕೆ ನಲವತ್ತು ನಿಮಿಷ ನೀರು ಬರುತ್ತಿತ್ತು. ಹೆಂಡತಿ ಚೊಚ್ಚಲ ಹೆರಿಗೆಗೆಂದು ಉಡುಪಿಯ ತವರಿಗೆ ಹೋಗಿದ್ದಳು. ನನಗೆ ಅಡಿಗೆ ಮಾಡಿ ಹಾಕಲು, ಅದಕ್ಕಿಂತ ಹೆಚ್ಚಾಗಿ ನಾನು ಹೋಟೆಲಿನಲ್ಲಿ ಈರುಳ್ಳಿ ತಿನ್ನದಂತೆ ಕಾಯಲು, ನನ್ನ ತಂದೆಯ ತಂಗಿ ರುಕ್ಮಿಣಿಯತ್ತೆ ಬಂದು ನೆಲೆಸಿದ್ದಳು. ಮಗಳು ಹುಟ್ಟಿದ ಸುದ್ದಿ ಇನ್‌ಲ್ಯಾಂಡ್ ಪತ್ರದಲ್ಲಿ ಬಂತು. 'ಕಿವಿ ನಿಮ್ಮದು. ಉಳಿದದ್ದು ದೇವರ ದಯೆಯಿಂದ ಚೆನ್ನಾಗಿದೆ. ನೀವು ಬರುವುದು ಯಾವಾಗ?' ಎಂದು ಹೆಂಡತಿ ಬರೆದಿದ್ದಳು. ಆ ಪತ್ರವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಲೋಕಲ್ ಗಾಡಿಯಲ್ಲಿ ಒಂದೇ ಕಾಲಲ್ಲಿ ನಿಂತು ನಾನು ಎಷ್ಟು ಸಲ ಓದಿದೆನೆಂದರೆ, ನನ್ನ ಹೆಗಲ ಮೇಲೆ ಮುಖವಿಟ್ಟು ನಿಲ್ಲುತ್ತಿದ್ದ ಕಲ್ಯಾಣದ ಒಬ್ಬ ಗುಜರಾತಿಗೂ ಅದರ ಅಕ್ಷರಗಳು ಪರಿಚಯವಾಗಿರಬೇಕು.

ಬರುವುದಕ್ಕೆ ರಜೆ ಬೇಕಲ್ಲ! ವರ್ಷದ ರಜೆಯನ್ನೆಲ್ಲ ಮಳೆಗಾಲದ ಕಾಮಾಲೆ ತಿಂದು ಹಾಕಿತ್ತು. ಹಳದಿ ಬಣ್ಣದವನಾಗಿ ಮಲಗಿ ಕಳೆದ ದಿನಗಳನ್ನು ಮರಳಿ ಕೊಡುವ ಪದ್ಧತಿ ಯಾವ ಕಂಪನಿಯಲ್ಲೂ ಇಲ್ಲ. ಆದರೆ ನಮ್ಮ ಪರ್ಸೊನೆಲ್ ಮ್ಯಾನೇಜರ್ ದೇಶಪಾಂಡೆ ಸಾಹೇಬರು ಮೂರು ತಿಂಗಳ ಹಿಂದೆಯೇ ಒಂದು ಬಾಗಿಲು ತೆರೆದಿಟ್ಟಿದ್ದರು. ಎಸ್ಟೇಟಿನ ಕಾರ್ಖಾನೆಗಳೆಲ್ಲ ಸೇರಿ ಕೆಲಸಗಾರರಿಗಾಗಿ ಮ್ಯಾರಥಾನ್ ಏರ್ಪಡಿಸಿದ್ದವು. ಥಾಣೆಯಿಂದ ಹೊರಟು, ಕಳವಾ ದಾಟಿ, ಬೇಲಾಪುರ ರಸ್ತೆಯಲ್ಲಿ ಹೋಗಿ ತಿರುಗಿ ಬರಬೇಕು. ಒಟ್ಟು ಇಪ್ಪತ್ತಾರು ಮೈಲಿ. ನಮ್ಮ ಕಂಪನಿಯವರಲ್ಲಿ ಯಾರು ಅದನ್ನು ಪೂರ್ತಿ ಮಾಡುತ್ತಾರೋ ಅವರಿಗೆ ಎಂಟು ದಿನದ ವಿಶೇಷ ರಜೆ. ಗೆಲ್ಲಬೇಕೆಂದಿಲ್ಲ, ಮುಗಿಸಿದರೆ ಸಾಕು. ಎಂಟು ದಿನವೆಂದರೆ ಉಡುಪಿಗೆ ಹೋಗಲು ಬರಲು ನಾಲ್ಕು ದಿನ, ಹುಟ್ಟಲಿರುವ ಮಗುವನ್ನು ನೋಡುತ್ತ ಕೂರಲು ನಾಲ್ಕು ದಿನ. ನಾನು ಆಗಲೇ ಹೆಸರು ಕೊಟ್ಟಿದ್ದೆ. ಇಪ್ಪತ್ತಾರು ಮೈಲಿ ಎಂಬುದು ನನ್ನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಉಡುಪಿ ಅದಕ್ಕಿಂತ ದೂರ ಎಂಬುದಷ್ಟೇ ಬಿದ್ದಿತ್ತು.

ನನ್ನ ಜೊತೆಗೆ ಹೆಸರು ಕೊಟ್ಟವನು ಲೋಡಿಂಗ್ ವಿಭಾಗದ ಶರಣಪ್ಪ, ಗುಲ್ಬರ್ಗ ಕಡೆಯವನು. ಮೂರು ತಿಂಗಳು ಕಾರ್ಖಾನೆ ಬಿಟ್ಟ ಮೇಲೆ ಇಬ್ಬರೂ ಎಸ್ಟೇಟಿನ ರಸ್ತೆಗಳಲ್ಲಿ ಓಡಿದೆವು. ನಾನು ಕ್ಯಾನ್ವಾಸ್ ಬೂಟಿನಲ್ಲಿ, ಅವನು ಬರಿಗಾಲಿನಲ್ಲಿ. ಹದಿನೈದು ಮೈಲಿಯವರೆಗೆ ನಾನೂ ಹೋಗಿದ್ದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇನ್ನು ಮುಂದೆ ಜಂಬಕ್ಕೆ ಅವಕಾಶವಿಲ್ಲವೆಂದು ಇಲ್ಲೇ ಹೇಳುತ್ತಿದ್ದೇನೆ. ಅತ್ತೆಗೆ ಮಾತ್ರ ಈ ವಿಷಯ ತಿಳಿಸಿರಲಿಲ್ಲ. ಅವಳ ಅಣ್ಣನ ಮಗ, ಒಂದು ಮಗುವಿನ ತಂದೆ, ಚಡ್ಡಿ ಹಾಕಿಕೊಂಡು ಸರಕಾರಿ ರಸ್ತೆಯಲ್ಲಿ ಓಡುತ್ತಾನೆಂದು ಯಾವ ಬಾಯಿಯಿಂದ ಹೇಳುವುದು?

ಓಟಕ್ಕೆ ಒಂದು ವಾರವಿರುವಾಗ ದೇಶಪಾಂಡೆ ಸಾಹೇಬರು ನಮ್ಮಿಬ್ಬರನ್ನು ಕ್ಯಾಬಿನ್ನಿಗೆ ಕರೆಸಿ ಒಂದೊಂದು ಸೈಕ್ಲೋಸ್ಟೈಲ್ ಹಾಳೆ ಕೊಟ್ಟರು. ಯಾವುದೋ ವಿಲಾಯತಿ ಪತ್ರಿಕೆಯಿಂದ ಇಳಿಸಿದ್ದು. ಓಟದ ಹಿಂದಿನ ಆರು ದಿನಗಳಲ್ಲಿ ಮೊದಲ ಮೂರು ದಿನ ಅನ್ನ, ರೊಟ್ಟಿ, ಆಲೂಗಡ್ಡೆ, ಸಕ್ಕರೆ ಯಾವುದನ್ನೂ ಮುಟ್ಟಬಾರದು. ಮೈಯೊಳಗಿನ ಉಗ್ರಾಣ ಪೂರ್ತಿ ಬರಿದಾಗಬೇಕು. ಆಮೇಲಿನ ಮೂರು ದಿನ ಅದನ್ನೇ ಕಂಠಮಟ್ಟ ತಿನ್ನಬೇಕು. ಬರಿದಾದ ಉಗ್ರಾಣ ಆಗ ಮೊದಲಿಗಿಂತ ಎರಡು ಪಟ್ಟು ತುಂಬಿಕೊಳ್ಳುತ್ತದಂತೆ. "ಟಾಕಿ ಖಾಲಿ ಕರಾ, ಮಗ್ ಭರಾ," ತೊಟ್ಟಿ ಬರಿದು ಮಾಡಿ, ಆಮೇಲೆ ತುಂಬಿಸಿ ಎಂದು ಸಾಹೇಬರು ಕೈಯಲ್ಲಿ ತೋರಿಸಿದರು. ಡೊಂಬಿವಲಿಯಲ್ಲಿ ಒಮ್ಮೆ ಖಾಲಿಯಾದ ಟಾಕಿ ಮತ್ತೆ ತುಂಬಿದ್ದನ್ನು ನಾನು ಕಂಡಿರಲಿಲ್ಲ.

"ಮೊದಲ ಮೂರು ದಿನ ಅಂಡಾ ಚಲೇಗಾ?" ಎಂದರು ಸಾಹೇಬರು.

"ನಾಹಿ ಸಾಹೇಬ್."

"ಮಚ್ಛಿ?"

ನಾನು ಕಿವಿ ಮುಚ್ಚಿಕೊಂಡೆ. ಸಾಹೇಬರು ಪಟ್ಟಿಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿ, ಕೊನೆಗೆ ತಾವೇ ಬರೆದರು: ಶೇಂಗಾ, ಮೊಸರು, ಸೌತೆಕಾಯಿ.

ಶರಣಪ್ಪ ಎಲ್ಲವನ್ನೂ ಭಕ್ತಿಯಿಂದ ಕೇಳಿ ಹೊರಗೆ ಬಂದ ಮೇಲೆ, "ರೊಟ್ಟಿ ಬಿಡೂದಾ? ಭಟ್ರ, ರೊಟ್ಟಿ ಬಿಟ್ರ ಓಡೂದು ಹಂಗಿರಲಿ, ನಿಂದ್ರೂದ ಆಗಂಗಿಲ್ಲ," ಎಂದ. ಮರುದಿನ ಮಧ್ಯಾಹ್ನ ನೋಡಿದರೆ, ಅವನ ಜೋಳದ ರೊಟ್ಟಿಗಳು ಸಾಹೇಬರ ಅದೇ ಹಾಳೆಯಲ್ಲಿ ಸುತ್ತಿ ಬಂದಿದ್ದವು. ನನಗೆ ಓದು ಬರಹ ಹೆಚ್ಚು ಬರುತ್ತಿತ್ತಾದ್ದರಿಂದ ನಾನು ಆ ಹಾಳೆಯನ್ನು ನಂಬಿದೆ.

ಸೋಮವಾರ ಬೆಳಿಗ್ಗೆ ಗಂಜಿ ಬೇಡವೆಂದಾಗ ಅತ್ತೆ ನನ್ನ ಹಣೆ ಮುಟ್ಟಿ ನೋಡಿದಳು.

"ಎಂತದಾ ಇದು? ಪುನಃ ಕಾಮಾಲೆಯಾ?"

"ಅಲ್ಲ ಅತ್ತೆ. ಒಂದು... ವ್ರತ."

"ಯಾರಿಗೆ?"

"ಮಗುವಿಗೆ ಅಂತ."

ಆ ಎರಡು ಅಕ್ಷರದ 'ವ್ರತ' ಎಂಬುದು ನಾಲಗೆಗೆ ಹೇಗೆ ಬಂತೋ ಕಾಣೆ. ಅತ್ತೆಯ ಕಣ್ಣಲ್ಲಿ ನೀರಾಡಿತು. "ನಿನ್ನಪ್ಪನಿಗೆ ಸಂಧ್ಯಾವಂದನೆಗೇ ಪುರುಸೊತ್ತಿರಲಿಲ್ಲ ಮಾರಾಯ. ಅವನ ಹೊಟ್ಟೆಯಲ್ಲಿ ನೀನು ಹುಟ್ಟಿದೆಯಲ್ಲ!" ಎಂದು ಅಂದೇ ಉಡುಪಿಗೆ ಒಂದು ಕಾರ್ಡು ಬರೆಸಿ ಹಾಕಿದಳು, ಬರೆದವನು ನಾನೇ.

ಮೂರು ದಿನ ಹೇಗೆ ಕಳೆದೆನೆಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಅನ್ನ ತಿನ್ನುವವರೆಗೆ ಲೋಕದಲ್ಲಿ ಅನ್ನ ಇಷ್ಟೊಂದಿದೆ ಎಂದು ತಿಳಿಯುವುದಿಲ್ಲ. ಚಾಳಿನ ಹನ್ನೆರಡು ಬಾಗಿಲುಗಳಿಂದಲೂ ಗಂಜಿ ಬಸಿಯುವ ಹಬೆ ಬರುತ್ತಿತ್ತು. ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ತೆರೆಯುವ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಜೀವಮಾನದಲ್ಲಿ ಒಲ್ಲೆನೆಂದು ತಟ್ಟೆಯಂಚಿಗೆ ಸರಿಸಿದ ಅಗುಳುಗಳೆಲ್ಲ ಒಂದೊಂದಾಗಿ ನೆನಪಾದವು. ಅಲ್ಲಿ ಉಡುಪಿಯಲ್ಲಿ ಹೆಂಡತಿಗೆ ಬಾಣಂತಿಯ ಪಥ್ಯ ನಡೆದಿರಬೇಕು: ಬಿಸಿ ಅನ್ನ, ಅದರ ಮೇಲೆ ತುಪ್ಪ, ಕರಿಮೆಣಸಿನ ಸಾರು. ಮದುವೆಯಾದ ಹೊಸತರಲ್ಲಿ ಅವಳ ನೆನಪೆಂದರೆ ಮಲ್ಲಿಗೆ, ಬಳೆಯ ಸದ್ದು ಇತ್ಯಾದಿ ಇರುತ್ತಿತ್ತು. ಬುಧವಾರದ ಹೊತ್ತಿಗೆ ಅವಳು ನೆನಪಾದಾಗಲೆಲ್ಲ ಕೈಯಲ್ಲಿ ಅನ್ನದ ಸಟ್ಟುಗವಿರುತ್ತಿತ್ತು. ಮುಖವನ್ನೇ ನೋಡದ ಮಗಳು ಕೂಡ, ಎರಡು ದೊಡ್ಡ ಕಿವಿಗಳ ನಡುವೆ, ಬೆಳ್ಳಗೆ ಮೆತ್ತಗೆ ಹಬೆಯಾಡುವ ಹಾಗೆ ಕಾಣಿಸತೊಡಗಿದಳು. ಯಾವುದರ ಹಂಬಲ ಎಲ್ಲಿ ಮುಗಿಯುತ್ತದೆ, ಯಾವುದರದು ಎಲ್ಲಿ ಶುರುವಾಗುತ್ತದೆ ಎಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗುರುವಾರ ಬಂತು. ಇಂದಿನಿಂದ ತುಂಬುವ ಪರ್ವ. ಡೊಂಬಿವಲಿ ಸ್ಟೇಷನ್ನಿನಿಂದ ಮನೆಯವರೆಗೆ ನಾನು ಓಡಿಯೇ ಹೋದೆ. ತರಬೇತಿಯಲ್ಲಿ ಅಂಥ ವೇಗ ಎಂದೂ ಬಂದಿರಲಿಲ್ಲ. ಕೈಕಾಲು ತೊಳೆದು ಎಲೆಯ ಮುಂದೆ ಕೂತೆ. ಅತ್ತೆ ಬಡಿಸಿದಳು: ಶೇಂಗಾ, ಮೊಸರು, ಸೌತೆಕಾಯಿ.

"ಅತ್ತೆ, ವ್ರತ ನಿನ್ನೆಗೇ ಮುಗಿಯಿತು."

"ನಿನ್ನೆ ಅಷ್ಟಮಿ. ಅಷ್ಟಮಿಗೆ ವ್ರತ ಮುಗಿಸುವವರು ಯಾರಾದರೂ ಉಂಟಾ? ಶನಿವಾರ ಏಕಾದಶಿ, ಭಾನುವಾರ ದ್ವಾದಶಿ ಪಾರಣೆ. ಮೂರು ದಿನ ಹಿಡಿದವನಿಗೆ ಇನ್ನು ಮೂರು ದಿನ ಎಂತ ದೊಡ್ಡದು? ಶಿಶುವಿನ ಹೆಸರಲ್ಲಿ ಹಿಡಿದದ್ದು, ಅರ್ಧಕ್ಕೆ ಬಿಡ್ಲಿಕ್ಕೆ ಆಗ್ತದಾ?"

ಇಷ್ಟಾದ ಮೇಲೂ ಮನುಷ್ಯನಿಗೆ ಹೋಟೆಲೆಂಬುದೊಂದಿದೆ ಎಂದು ನೀವು ಹೇಳುತ್ತೀರಿ. ಶುಕ್ರವಾರ ಮಧ್ಯಾಹ್ನ ನಾನೂ ಅದನ್ನೇ ಹೇಳಿಕೊಂಡು ಥಾಣೆ ಸ್ಟೇಷನ್ನಿನ ಬಳಿ ನಮ್ಮೂರಿನವರ ಹೋಟೆಲಿಗೆ ಹೋಗಿ ರೈಸ್‌ಪ್ಲೇಟ್ ತರಿಸಿದೆ. ಬಂತು. ನಡುವೆ ಅನ್ನದ ಗುಡ್ಡ, ನೆತ್ತಿಯಲ್ಲಿ ಸಾರಿನ ಹೊಂಡ. ಬೆರಳು ಇಟ್ಟೆ; ಬಿಸಿ ತಾಗಿತು. ಅಷ್ಟರಲ್ಲಿ ಜೇಬಿನ ಪತ್ರ ಎದೆಗೆ ಚುಚ್ಚಿತು. ಮಗಳ ಹೆಸರಲ್ಲಿ ಹೇಳಿದ ಸುಳ್ಳು, ಅತ್ತೆ ನಂಬಿದ ಮೇಲೆ, ಉಡುಪಿಗೆ ಕಾರ್ಡು ಹೋದ ಮೇಲೆ, ಸುಳ್ಳಾಗಿ ಉಳಿದಿರಲಿಲ್ಲ. ನಾಳೆ ಆ ಕೂಸಿಗೆ ಒಂದು ಕೆಮ್ಮು ಬಂದರೂ ಈ ರೈಸ್‌ಪ್ಲೇಟಿನ ಲೆಕ್ಕಕ್ಕೇ ಸೇರುತ್ತದೆ. ವಿಲಾಯತಿ ಹಾಳೆಯನ್ನು ನಂಬಿದ ತಲೆಯಲ್ಲಿ ಇದಕ್ಕೂ ಜಾಗವಿತ್ತು. ಬೆರಳು ತೆಗೆದು ಎದ್ದೆ.

"ಎಂತ ಭಟ್ರೇ, ಅನ್ನದಲ್ಲಿ ಕೂದಲಾ?" ಬಡಿಸುವವನು ಓಡಿಬಂದ.

"ಇಲ್ಲಪ್ಪ. ವ್ರತ."

"ವ್ರತದವರು ರೈಸ್‌ಪ್ಲೇಟ್ ಯಾಕೆ ಹೇಳಿದ್ದು ಮಾರಾಯ್ರೇ?"

ಉಣ್ಣದ ಊಟದ ದುಡ್ಡು ಕೊಟ್ಟು ಹೊರಗೆ ಬಂದೆ.

ಶನಿವಾರ ಏಕಾದಶಿ. ನಮ್ಮ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅತ್ತೆ ನೀರನ್ನೂ ಮುಟ್ಟುವುದಿಲ್ಲ. ಮರಾಠಿಗರ ಏಕಾದಶಿಯ ಪರಿ ಬೇರೆ. ಚಾಳಿನವರೆಲ್ಲ ಕಾಕು ಎಂದು ಕರೆಯುವ ಪಕ್ಕದ ಮನೆಯಾಕೆ ಸಾಬುದಾಣೆಯ ಖಿಚಡಿಯನ್ನು ತಟ್ಟೆ ತುಂಬ ತಂದು, "ಏಕಾದಶೀ, ದುಪ್ಪಟ್ ಖಾಶೀ! ಘ್ಯಾ ಭಟ್ ಭಾವುಜಿ," ಏಕಾದಶಿಯೆಂದರೆ ಎರಡು ಪಟ್ಟು ತಿನ್ನುವುದು ಎಂದು ನಕ್ಕಳು. ಬಟಾಟೆ, ತುಪ್ಪ, ಮುತ್ತಿನಂಥ ಸಾಬುದಾಣೆ. ಸಾಹೇಬರ ಹಾಳೆಯ ಪ್ರಕಾರ ಓಟದ ಹಿಂದಿನ ದಿನಕ್ಕೆ ಇದಕ್ಕಿಂತ ಶ್ರೇಷ್ಠವಾದದ್ದು ಭೂಮಿಯ ಮೇಲಿಲ್ಲ. ಅತ್ತೆ ಬಾಗಿಲಲ್ಲೇ ಕೈಮುಗಿದು ಅದನ್ನು ಹಿಂದಕ್ಕೆ ಕಳಿಸಿದಳು. ಆ ತಟ್ಟೆ ತಿರುಗಿ ಹೋದದ್ದನ್ನು ನೋಡಿದ ಹಾಗೆ ನಾನು ಯಾವ ಗಾಡಿ ತಪ್ಪಿಹೋದದ್ದನ್ನೂ ನೋಡಿಲ್ಲ. ಆಫೀಸಿನಲ್ಲಿ ಸಾಹೇಬರು ಬೆನ್ನು ತಟ್ಟಿ, "ಕಾಯ್ ಭಟ್, ಟಾಕಿ ಫುಲ್?" ಎಂದಾಗ, "ಫುಲ್ ಸಾಹೇಬ್," ಎಂದೆ. ಆ ವಾರದಲ್ಲಿ ಸುಳ್ಳು ಹೇಳುವುದು ಉಸಿರಾಡುವುದಕ್ಕಿಂತ ಸುಲಭವಾಗಿತ್ತು.

ಭಾನುವಾರ ಓವರ್‌ಟೈಮ್ ಇದೆಯೆಂದೂ ನಸುಕಿಗೇ ಹೊರಡುವೆನೆಂದೂ ಅತ್ತೆಗೆ ಹೇಳಿದ್ದೆ. ಹಾಳೆಯಲ್ಲಿ ಕೊನೆಯ ಸಾಲು ಸ್ಪಷ್ಟವಾಗಿತ್ತು: ಓಟದ ಬೆಳಿಗ್ಗೆ ಒಂದು ಬಾಳೆಹಣ್ಣು, ಅರ್ಧ ಕಪ್ ಚಹ, ಬೇರೇನೂ ಇಲ್ಲ. ಎದ್ದು ನೋಡಿದರೆ ಒಲೆಯ ಮೇಲೆ ಪಾತ್ರೆಗಳು ಸಾಲಾಗಿ ಹಬೆಯಾಡುತ್ತಿವೆ. ಅತ್ತೆ ತಲೆಗೆ ನೀರು ಹುಯ್ದುಕೊಂಡು, ಒದ್ದೆ ಮಡಿಯಲ್ಲಿ, ಎಲೆ ಹಾಕಿ ಕಾದಿದ್ದಾಳೆ.

"ಈ ಸಲ ಸಾಧನ ದ್ವಾದಶಿ. ಬೆಳಕು ಹರಿಯುವ ಮೊದಲೇ ಪಾರಣೆ ಆಗ್ಬೇಕು. ನಿನ್ನ ಆಫೀಸಿನವರಿಗೂ ಪಂಚಾಂಗ ಗೊತ್ತುಂಟು ಅಂತ ಕಾಣ್ತದೆ, ಸರಿಯಾದ ಹೊತ್ತಿಗೆ ಏಳಿಸಿದ್ದಾರೆ. ಕೂತ್ಕೋ."

"ನನಗೆ ಒಂದು ಬಾಳೆಹಣ್ಣು ಸಾಕು ಅತ್ತೆ."

"ವ್ರತದವನು ಎಲೆ ಬಿಟ್ಟು ಎದ್ದರೆ ನಾನು ಉಣ್ಣುವುದು ಹೇಗೆ?"

ಶುಕ್ರವಾರ ಮಧ್ಯಾಹ್ನದ ದಶಮಿ ಊಟದ ಮೇಲೆ ಒಂದು ಗುಟುಕು ನೀರು ಕುಡಿಯದ ಮುದುಕಿಯ ತುಟಿ ಒಣಗಿ ಬಿಳುಚಿತ್ತು. ಅವಳಿಗಾಗಿ ಕೂತೆ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬೆಳ್ತಿಗೆ ಅನ್ನ, ನೆಲ್ಲಿಕಾಯಿ ತಂಬುಳಿ, ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ಸಾರು, ಪಾಯಸ. ಮೊದಲ ತುತ್ತು ಬಾಯಿಗೆ ಹೋದಾಗ ನನಗೆ ಮ್ಯಾರಥಾನೂ ನೆನಪಿರಲಿಲ್ಲ, ಎಂಟು ದಿನವೂ ನೆನಪಿರಲಿಲ್ಲ. ಎರಡನೆಯ ಸಲ ಬಡಿಸಿದ್ದು ಅತ್ತೆ. ಮೂರನೆಯ ಸಲ, ನಾಲ್ಕನೆಯ ಸಲ ಕೇಳಿ ಹಾಕಿಸಿಕೊಂಡದ್ದು ನಾನು. ಐದನೆಯದಕ್ಕೆ ಕೇಳಬೇಕಾಗಲಿಲ್ಲ, ಮುಖ ನೋಡಿಯೇ ಹಾಕಿದಳು.

ಥಾಣೆಯಲ್ಲಿ ಪಿಸ್ತೂಲು ಹಾರಿದಾಗ ನಾನು ಇತರರ ಜೊತೆಗೇ ಹೊರಟೆ. ಕಳವಾ ಸೇತುವೆಯವರೆಗೆ ಪಾಯಸ ನನ್ನ ಜೊತೆಯಲ್ಲಿ ಓಡಿತು. ಆಮೇಲೆ ನಾನು ಅದನ್ನು ಹೊತ್ತು ನಡೆದೆ. ಐರೋಲಿಯ ಹತ್ತಿರ, ರಸ್ತೆಯ ಪಕ್ಕದ ದೊಡ್ಡ ನೀರಿನ ಪೈಪಿನ ನೆರಳು ಕಂಡಿತು. ಪಕ್ಕೆ ಹಿಡಿದಿತ್ತು, ಒಂದು ನಿಮಿಷ ಕೂರೋಣವೆಂದು ಕೂತೆ. ಖಾಡಿಯ ಹಿನ್ನೀರಿನ ಕಡೆಯಿಂದ ತಣ್ಣಗೆ ಗಾಳಿ ಬಂತು. ಆರು ದಿನದ ಮೇಲೆ ಅನ್ನ ಉಂಡ ಕರಾವಳಿಯವನನ್ನು ನೆರಳಿನಲ್ಲಿ ಕೂರಿಸಿ ತಣ್ಣನೆ ಗಾಳಿ ಬೀಸಿದರೆ ಏನಾಗುತ್ತದೆಂದು ವಿಲಾಯತಿಯವರು ಬರೆದಿರಲಿಲ್ಲ.

ಯಾರೋ ಭುಜ ಅಲುಗಿಸಿದರು. ಶರಣಪ್ಪ. ಅವನು ಬೇಲಾಪುರದ ಕಡೆ ತಿರುವಿನವರೆಗೆ ಹೋಗಿ ಆಗಲೇ ಹಿಂದಕ್ಕೆ ಬರುತ್ತಿದ್ದ.

"ಏಳ್ರಿ ಭಟ್ರ! ಏನ್ರೀ ಇದು, ಮನ್ಯಾಗ ಮಲ್ಕೊಂಡಂಗ ಮಲ್ಕೊಂಡೀರಿ. ಮಗಳನ್ನ ನೋಡಾಕ ಹೋಗೂದಿಲ್ಲೇನು?"

ಎದ್ದೆ. ನಿಜವಾಗಿಯೂ ಎದ್ದೆ. ಅವನು ಹೋದ ದಿಕ್ಕಿಗೆ ಹೋದರೆ ಥಾಣೆ, ಎದುರು ದಿಕ್ಕಿಗೆ ಹೋದರೆ ಓಟದ ಉಳಿದ ಭಾಗ. ಎದುರು ದಿಕ್ಕಿಗೇ ಮುಖ ಮಾಡಿ, ಹೊಟ್ಟೆ ಹಿಡಿದುಕೊಂಡು, ಒಂದು ಮೈಲಿಯಷ್ಟು ಕಾಲೆಳೆದೆ. ಆ ಒಂದು ಮೈಲಿಯನ್ನು ಉಡುಪಿಯ ಲೆಕ್ಕಕ್ಕೆ ಹಾಕಿಕೊಳ್ಳಬೇಕೆಂದು ಹೆಂಡತಿಗೆ ಆಮೇಲೆ ಬರೆದೆ. ಹಿಂದುಳಿದವರನ್ನು ಹೊತ್ತು ತರುವ ಟೆಂಪೊ ಬಂದು ಪಕ್ಕದಲ್ಲಿ ನಿಂತಾಗ ಡ್ರೈವರ್ ಕೆಳಗಿಳಿದು ಕೈ ಹಿಡಿದು ಹತ್ತಿಸಿದ. ಒಳಗೆ ಎಲ್ಲರೂ ಹಸಿವೆಯಿಂದ ಬಿದ್ದವರು. ಹೊಟ್ಟೆ ತುಂಬಿ ಬಿದ್ದವನು ನಾನೊಬ್ಬನೇ.

ಶರಣಪ್ಪ ಓಟ ಮುಗಿಸಿದ, ಎಂಟು ದಿನದ ರಜೆ ಪಡೆದು ಗುಲ್ಬರ್ಗಕ್ಕೆ ಹೋಗಿ ಬಂದ. ನಾನು ಮಗಳನ್ನು ಮೊದಲ ಸಲ ನೋಡಿದ್ದು ಅವಳನ್ನು ಕರೆತಂದ ಬಸ್ಸು ಥಾಣೆಯಲ್ಲಿ ನಿಂತಾಗ. ಆಗ ಅವಳಿಗೆ ನಾಲ್ಕು ತಿಂಗಳು ಆರು ದಿನ ಆಗಿತ್ತು.